ಈಗ ಏನು ಓದುತ್ತಿದ್ದೀರಿ? ಮೂವತ್ತು ಪುಟ ದಾಟಲಾಗದ ನನಗೆ ಯಾವ ಪುಸ್ತಕ ಹೇಳುತ್ತೀರಿ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಕಾಲೇಜಿನಲ್ಲಿದ್ದಾಗ ತುಂಬಾ ಓದುತ್ತಿದ್ದಿರಿ, ಕೆಲಸ ಸಿಕ್ಕ ಮೇಲೆ ಓದು ನಿಂತುಹೋಯಿತು. ಮತ್ತೆ ಶುರು ಮಾಡೋಣ ಅಂತ ‘ಓದಲೇಬೇಕಾದ ಕನ್ನಡ ಪುಸ್ತಕಗಳು’ ಅನ್ನುವ ಪಟ್ಟಿ ನೋಡಿ ಕೆಲವನ್ನು ತಂದಿರಿ. ಒಂದೂ ಮೂವತ್ತು ಪುಟ ದಾಟಲಿಲ್ಲ. ಹಾಗಾಗಿ ಉಳಿದವರು ಈಗ ನಿಜಕ್ಕೂ ಏನು ಓದುತ್ತಿದ್ದಾರೆ, ನಿಮಗೆ ಏನು ಹೇಳುತ್ತಾರೆ ಅಂತ ಕೇಳಿದ್ದೀರಿ.

ಮೂವತ್ತನೇ ಪುಟದಲ್ಲಿ ನಿಂತುಬಿಟ್ಟರೆ ಓದುವ ಶಕ್ತಿಯೇ ಹೋಯಿತು ಅಂದುಕೊಳ್ಳಬೇಡಿ. ಹೆಚ್ಚಿನ ಒಳ್ಳೆಯ ಪುಸ್ತಕಗಳಲ್ಲಿ ಶುರುವಿಗೇ ಒಂದು ಏರು ಇರುತ್ತದೆ. ಒಂದರಲ್ಲಿ ಪಾತ್ರಗಳು ಜಾಸ್ತಿ. ಇನ್ನೊಂದರಲ್ಲಿ ಆಡುಮಾತು ನಮ್ಮ ಕಡೆಯದಲ್ಲ. ಮತ್ತೊಂದರಲ್ಲಿ ಐವತ್ತು ಪುಟದವರೆಗೂ ಏನೂ ನಡೆಯುವುದೇ ಇಲ್ಲ. ಪಟ್ಟಿ ಮಾಡುವವರು ‘ಅದ್ಭುತ ಕೃತಿ’ ಅಂತ ಬರೆದು ಕೈ ತೊಳೆದುಕೊಳ್ಳುತ್ತಾರೆ. ಏರು ಎಲ್ಲಿದೆ, ಎಷ್ಟು ದೂರ ಇದೆ ಅಂತ ಹೇಳುವುದಿಲ್ಲ. ನಾನು ಇಲ್ಲಿ ಜಾಸ್ತಿ ಹೇಳುವುದು ಅದನ್ನೇ.

ಮೊದಲು ನನ್ನ ತಲೆದಿಂಬಿನ ಪಕ್ಕ ಈಗ ಏನಿದೆ ಅಂತ.

ಒಂದು, ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’. ಎರಡನೇ ಸಲ ಓದುತ್ತಿದ್ದೇನೆ, ನಿಧಾನಕ್ಕೆ. 1967ರಲ್ಲಿ ಬಂದ ಕಾದಂಬರಿ, ಕಥೆ ನಡೆಯುವುದು ಹತ್ತೊಂಬತ್ತನೇ ಶತಮಾನದ ಕೊನೆಯ ಮಲೆನಾಡಿನಲ್ಲಿ. ಶುರುವಿನಲ್ಲೇ ಗುತ್ತಿ ತನ್ನ ನಾಯಿ ಹುಲಿಯನ ಜೊತೆ ಕಾಡುದಾರಿಯಲ್ಲಿ ನಡೆದು ಹೋಗುತ್ತಾನೆ. ಅಲ್ಲಿಂದ ಮುಂದೆ ಸಿಂಬಾವಿ, ಹೂವಳ್ಳಿ, ಕೋಣೂರು, ಬೆಟ್ಟಳ್ಳಿ ಅಂತ ಒಂದೊಂದೇ ಮನೆಯ ಬಾಗಿಲು ತೆರೆಯುತ್ತದೆ. ಪ್ರತಿ ಮನೆಯಲ್ಲೂ ಹತ್ತಾರು ಜನ. ಗುತ್ತಿ ಮತ್ತು ತಿಮ್ಮಿ, ಐತ ಮತ್ತು ಪಿಂಚಲು, ಮುಕುಂದಯ್ಯ ಮತ್ತು ಚಿನ್ನಮ್ಮ, ಈ ಮೂರು ಜೋಡಿಗಳು ಕಥೆಯ ಮೂರು ಎಳೆಗಳು. ಅವರ ಸುತ್ತ ಊರಿಗೆ ಊರೇ ಇದೆ.

ಏರು ಎಲ್ಲಿದೆ ಅಂದರೆ, ಇಲ್ಲೇ. ಮೊದಲ ನೂರು ಪುಟದಲ್ಲಿ ಯಾರು ಯಾರ ಮನೆಯ ಆಳು, ಯಾವ ಹೆಗ್ಗಡೆ ಯಾರಿಗೆ ಏನಾಗಬೇಕು ಅನ್ನುವುದು ತಲೆಗೆ ಹತ್ತುವುದಿಲ್ಲ. ತುಂಬಾ ಜನ ಬಿಡುವುದು ಅಲ್ಲೇ. ನನ್ನ ಉಪಾಯ ಸುಲಭ. ಒಂದು ಚೀಟಿಯಲ್ಲಿ ಮನೆಯ ಹೆಸರು, ಅದರ ಕೆಳಗೆ ಆ ಮನೆಯವರ ಹೆಸರು ಬರೆದು ಪುಸ್ತಕದೊಳಗೇ ಇಟ್ಟುಕೊಳ್ಳುತ್ತೇನೆ. ಇನ್ನೊಂದು, ಕಥೆ ಎಲ್ಲಿಗೆ ಹೋಗುತ್ತಿದೆ ಅಂತ ಹುಡುಕಬಾರದು. ಈ ಪುಸ್ತಕದಲ್ಲಿ ನಾಯಕ ಇಲ್ಲ. ಜಿಗಣೆ, ಮಳೆ, ಹಂದಿ ಬೇಟೆ ಎಲ್ಲದಕ್ಕೂ ಒಂದೇ ತೂಕ. ಸಲ ಸಲಕ್ಕೂ ನನಗೆ ಅತಿ ಹೆಚ್ಚು ಹತ್ತಿರವಾಗುವ ಪಾತ್ರ ಅಂದರೆ ಹುಲಿಯ. ನಾಯಿ ಅಂತ ಅನ್ನಿಸುವುದೇ ಇಲ್ಲ.

ಆದರೂ ನಿಮಗೆ ಇದನ್ನು ಈಗ ಹೇಳುವುದಿಲ್ಲ. ಏಳುನೂರು ಪುಟ ದಾಟುವ ಪುಸ್ತಕ, ಓದು ಬಿಟ್ಟುಹೋದವರಿಗೆ ಶುರುವಿನ ಪುಸ್ತಕ ಅಲ್ಲ. ನಿಮ್ಮ ಪಟ್ಟಿಯಲ್ಲಿ ಇದೇ ಮೊದಲನೆಯದಾಗಿದ್ದರೆ ತಪ್ಪು ಪಟ್ಟಿಯದು.

ಎರಡನೆಯದು ಬಿ.ಜಿ.ಎಲ್. ಸ್ವಾಮಿ ಅವರ ‘ಹಸುರು ಹೊನ್ನು’. ಸ್ವಾಮಿ ಸಸ್ಯಶಾಸ್ತ್ರಜ್ಞರು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಗಿಡಗಳನ್ನು ನೋಡಲು ಕಾಡು ಸುತ್ತಿದ ಕಥೆ ಇದು. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಗಿಡಗಳ ಚಿತ್ರಗಳನ್ನೂ ಅವರೇ ಬರೆದಿದ್ದಾರೆ. ಒಂದು ಪುಟದಲ್ಲಿ ಹೂವಿನ ರಚನೆ, ಮುಂದಿನ ಪುಟದಲ್ಲಿ ಹುಡುಗರ ತರಲೆ. ರಾತ್ರಿ ಮಲಗುವ ಮುಂಚೆ ಒಂದು ಅಧ್ಯಾಯ ಓದಿದರೆ ಸಾಕು, ಹಿಂದಿನದು ಮರೆತಿದ್ದರೂ ನಡೆಯುತ್ತದೆ. ಲ್ಯಾಟಿನ್ ಹೆಸರುಗಳು ಬಂದಾಗ ನಾನು ಕಣ್ಣು ಹಾರಿಸಿ ಮುಂದಕ್ಕೆ ಹೋಗುತ್ತೇನೆ. ಯಾವ ನಷ್ಟವೂ ಆಗಿಲ್ಲ.

ಸ್ವಾಮಿ ಅವರ ತಂದೆ ಡಿ.ವಿ. ಗುಂಡಪ್ಪ. ಅವರ ‘ಜ್ಞಾಪಕ ಚಿತ್ರಶಾಲೆ’ ಎಂಟು ಸಂಪುಟಗಳಲ್ಲಿದೆ, ಅದರಲ್ಲಿ ‘ಮೈಸೂರಿನ ದಿವಾನರು’ ಅನ್ನುವುದನ್ನೂ ಈಗ ಜೊತೆಯಲ್ಲೇ ಇಟ್ಟುಕೊಂಡಿದ್ದೇನೆ. ಅಪ್ಪನದು ಒಂದು ಅಧ್ಯಾಯ, ಮಗನದು ಒಂದು. ಅಪ್ಪ ಗಂಭೀರ, ಮಗ ತುಂಟ. ಡಿವಿಜಿ ಪತ್ರಕರ್ತರಾಗಿದ್ದವರು, ದೊಡ್ಡ ಅಧಿಕಾರಿಗಳನ್ನು ಹತ್ತಿರದಿಂದ ಕಂಡವರು. 1912ರಿಂದ 1918ರವರೆಗೆ ದಿವಾನರಾಗಿದ್ದ ವಿಶ್ವೇಶ್ವರಯ್ಯನವರಂಥವರು ಅವರ ಬರಹದಲ್ಲಿ ಪ್ರತಿಮೆಗಳಾಗಿ ನಿಲ್ಲುವುದಿಲ್ಲ, ಮಾತನಾಡುವ ಮನುಷ್ಯರಾಗಿ ಸಿಗುತ್ತಾರೆ. ಭಾಷೆ ಸ್ವಲ್ಪ ಹಳೆಯದು. ಹಳೇ ಮೈಸೂರಿನ ಆಡಳಿತದಲ್ಲಿ ನಿಮಗೆ ಆಸಕ್ತಿ ಇಲ್ಲದಿದ್ದರೆ ಈ ಸಂಪುಟ ಬೇಡ. ‘ಹೃದಯ ಸಂಪನ್ನರು’ ಅನ್ನುವ ಸಂಪುಟ ನೋಡಿ. ಅದರಲ್ಲಿ ಇರುವವರು ಸಾಮಾನ್ಯ ಜನ.

ಮೂರನೆಯದು ಬಾನು ಮುಷ್ತಾಕ್ ಅವರ ಕಥೆಗಳು. ಅವರ ಹನ್ನೆರಡು ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ಅನುವಾದಿಸಿದ ‘ಹಾರ್ಟ್ ಲ್ಯಾಂಪ್’ 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಪಡೆದದ್ದು ನಿಮಗೆ ಗೊತ್ತೇ ಇರುತ್ತದೆ. ಸುದ್ದಿ ಓದಿದವರು ಲಕ್ಷ, ಕಥೆ ಓದಿದವರು ಎಷ್ಟು ಜನವೋ ಗೊತ್ತಿಲ್ಲ. ಕನ್ನಡದಲ್ಲೇ ಓದಿ ಅಂತ ನನ್ನ ಸಲಹೆ. ನಮ್ಮ ಅಕ್ಕಪಕ್ಕದ ಮನೆಯ ಮಾತು ಅದು, ಬಳಸು ದಾರಿ ಯಾಕೆ? ಇಲ್ಲಿ ಏರು ಭಾಷೆಯದ್ದಲ್ಲ, ಮನಸ್ಸಿನದ್ದು. ಗಂಡ ಬಿಟ್ಟ, ತವರು ಮುಖ ತಿರುಗಿಸಿತು ಅನ್ನುವಂಥ ಹೆಂಗಸರ ಕಥೆಗಳು ಒಂದರ ಹಿಂದೆ ಒಂದು ಬರುತ್ತವೆ. ಒಟ್ಟಿಗೆ ಮೂರು ಓದಿದರೆ ಎದೆ ಭಾರವಾಗುತ್ತದೆ. ನಾನು ವಾರಕ್ಕೆ ಒಂದೋ ಎರಡೋ ಓದುತ್ತೇನೆ. ಆದರೆ ಅಲ್ಲಲ್ಲಿ ನಗುವೂ ಇದೆ, ಅದನ್ನು ವಿಮರ್ಶೆ ಬರೆಯುವವರು ಯಾಕೋ ಹೇಳುವುದೇ ಇಲ್ಲ.

ಈಗ ನಿಮ್ಮ ವಿಷಯಕ್ಕೆ ಬರೋಣ.

ಓದು ಬಿಟ್ಟುಹೋದವರು ಕೇಳಿದರೆ ನಾನು ಸಾಮಾನ್ಯವಾಗಿ ಹೇಳುವುದು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’. 1980ರ ಕಾದಂಬರಿ. ‘ಅದು ಎಲ್ಲರಿಗೂ ಗೊತ್ತಿರುವುದೇ’ ಅಂತ ಮೂಗು ಮುರಿಯಬೇಡಿ. ಗೊತ್ತಿರುವವರು ಜಾಸ್ತಿ, ಕೊನೆಯವರೆಗೆ ಓದಿದವರು ಅಷ್ಟಿಲ್ಲ. ಜೇನಿನ ಸೊಸೈಟಿ, ಪ್ಯಾರ, ಬಿರಿಯಾನಿ ಕರಿಯಪ್ಪ, ಕಿವಿ ಅನ್ನುವ ನಾಯಿ, ಮಂದಣ್ಣನ ಮದುವೆ ಗಲಾಟೆ, ಇವುಗಳಲ್ಲೇ ಅರ್ಧ ಪುಸ್ತಕ ಕಳೆದುಹೋಗುತ್ತದೆ. ಇದೇನು ಸುಮ್ನೆ ಹರಟೆ ಅಂತ ಅನ್ನಿಸುವುದು ಅಲ್ಲೇ. ಹಾರುವ ಓತಿಯ ಮಾತು ಬಂದ ಮೇಲೆ ಕಥೆ ಓಡುತ್ತದೆ. ಆಗ ಮೊದಲಿನ ಹರಟೆ ಯಾಕೆ ಬೇಕಿತ್ತು ಅಂತಲೂ ಹೊಳೆಯುತ್ತದೆ. ಆ ಪೆದ್ದನಂತೆ ಕಾಣುವ ಮಂದಣ್ಣನಲ್ಲಿ ವಿಜ್ಞಾನಿ ಕರ್ವಾಲೊ ಏನು ಕಂಡರು ಅನ್ನುವುದು ನಮಗೆ ತಿಳಿಯಲು ಅಷ್ಟು ಹೊತ್ತು ಬೇಕೇ ಬೇಕು. ಹಾಗಾಗಿ ಅರ್ಧದವರೆಗೆ ಹೋಗಿ. ಕಾದಂಬರಿ ಚಿಕ್ಕದೇ.

ಒಂದೇ ಭಾನುವಾರದಲ್ಲಿ ಮುಗಿಯಬೇಕು ಅಂದರೆ ವಿವೇಕ ಶಾನಭಾಗರ ‘ಘಾಚರ್ ಘೋಚರ್’. ನೀಳ್ಗತೆ ಅನ್ನಿ, ಕಿರುಕಾದಂಬರಿ ಅನ್ನಿ. ಅಪ್ಪನ ಸಂಬಳದಲ್ಲಿ ಹೇಗೋ ಬದುಕುತ್ತಿದ್ದ ಒಂದು ಮನೆ, ಚಿಕ್ಕಪ್ಪನ ಮಸಾಲೆ ವ್ಯಾಪಾರದಿಂದ ದಿಢೀರ್ ಸಾಹುಕಾರರಾಗುತ್ತದೆ. ಹಳೆಯ ಮನೆಯಲ್ಲಿ ಇರುವೆಗಳ ಕಾಟದ ಒಂದು ಭಾಗ ಇದೆ, ಅಲ್ಲೇ ಇಡೀ ಮನೆಯ ಗುಣ ಗೊತ್ತಾಗಿಬಿಡುತ್ತದೆ. ಇದರಲ್ಲಿ ಶುರು ಸಲೀಸು. ಕಷ್ಟ ಇರುವುದು ಕೊನೆಯಲ್ಲಿ. ಏನಾಯಿತು ಅಂತ ಬಿಡಿಸಿ ಹೇಳದೆ ಮುಗಿಸುತ್ತಾರೆ. ಕೆಲವರಿಗೆ ಸಿಟ್ಟು ಬರುತ್ತದೆ. ನನಗೆ ಆ ಮುಕ್ತಾಯವೇ ಇಷ್ಟ, ಯಾಕೆಂದರೆ ಹಿಂದಿನ ಪುಟಗಳಲ್ಲಿ ಸುಳಿವು ಇದೆ, ಹುಡುಕಿದರೆ ಸಿಗುತ್ತದೆ.

ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಕೂಡ ಸಣ್ಣ ಪುಸ್ತಕ, 1976ರದು. ಬಾಲವಿಧವೆಯೊಬ್ಬರ ನಿಜ ಜೀವನ. ವಿಷಯ ಕೇಳಿ ಅಳು ಬರಿಸುವ ಕಥೆ ಅಂದುಕೊಳ್ಳುತ್ತಾರೆ. ಫಣಿಯಮ್ಮ ಅಳುವ ಹೆಂಗಸಲ್ಲ, ಅಷ್ಟು ಹೇಳಿದರೆ ಸಾಕು.

ಕಾದಂಬರಿಯೇ ಯಾಕೆ ಬೇಕು ಅಂತ ನನ್ನ ಇನ್ನೊಂದು ಪ್ರಶ್ನೆ. ದಿನದಲ್ಲಿ ಅರ್ಧ ಗಂಟೆ ಸಿಗುವವರಿಗೆ ಸಣ್ಣ ಕಥೆಗಿಂತ ಒಳ್ಳೆಯದು ಇಲ್ಲ. ಒಂದು ಸಲ ಕೂತರೆ ಒಂದು ಮುಗಿಯುತ್ತದೆ, ಮುಗಿಸಿದೆ ಅನ್ನುವ ಖುಷಿಯೂ ಸಿಗುತ್ತದೆ. ಜಯಂತ ಕಾಯ್ಕಿಣಿ ನಿಮಗೆ ಸಿನಿಮಾ ಹಾಡುಗಳಿಂದ ಗೊತ್ತಿರಬಹುದು. ಅವರ ಮುಂಬೈ ಕಥೆಗಳನ್ನು ಓದಿ. ಲೋಕಲ್ ರೈಲು, ಚಾಳು, ಆಸ್ಪತ್ರೆಯ ವಾರ್ಡು, ಸಿನಿಮಾ ಸ್ಟಂಟ್ ಮಾಡುವವರು, ಯಾರೂ ಗಮನಿಸದ ಜನರೇ ಅಲ್ಲಿ ತುಂಬಿದ್ದಾರೆ. ಆದರೆ ಅವರ ಉಪಮೆಗಳು ಒತ್ತೊತ್ತಾಗಿ ಬರುತ್ತವೆ. ಬೇಗ ಬೇಗ ಓದಿದರೆ ಏನೂ ಸಿಕ್ಕುವುದಿಲ್ಲ.

ವೈದೇಹಿಯವರ ಕಥೆಗಳಲ್ಲಿ ಏರು ಆಡುಮಾತಿನದು. ಕುಂದಾಪುರ ಕಡೆಯ ಕನ್ನಡ. ಆ ಕಡೆಯವರಲ್ಲದಿದ್ದರೆ ಮೊದಲ ಎರಡು ಕಥೆ ತಡವರಿಸುತ್ತೀರಿ. ‘ಅಕ್ಕು’ ಕಥೆಯಿಂದ ಶುರು ಮಾಡಿ. ಹುಚ್ಚಿ ಅಂತ ಮನೆಯವರೆಲ್ಲ ಪಕ್ಕಕ್ಕೆ ಸರಿಸಿದ ಹೆಂಗಸು ಅವಳು. ಆದರೆ ಮನೆಯಲ್ಲಿ ಎಲ್ಲರೂ ಮುಚ್ಚಿಟ್ಟದ್ದನ್ನು ಬಾಯಿಬಿಟ್ಟು ಹೇಳುವವಳು ಅವಳೊಬ್ಬಳೇ.

ಆಡುಮಾತಿನ ವಿಷಯ ಬಂತಲ್ಲ, ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ‘ಓದೋಕೆ ಆಗ್ತಿಲ್ಲ’ ಅನ್ನುವವರಲ್ಲಿ ಅರ್ಧ ಜನರ ತೊಂದರೆ ಇದೇ ಅಂತ ನನ್ನ ಅನುಮಾನ. ಶಾಲೆಯಲ್ಲಿ ಕಲಿತದ್ದು ಒಂದು ಕನ್ನಡ, ಪತ್ರಿಕೆಯಲ್ಲಿ ಓದುವುದೂ ಅದೇ. ಕಾದಂಬರಿ ತೆರೆದರೆ ನಂಜನಗೂಡು ಸೀಮೆಯ ಮಾತು, ಧಾರವಾಡದ ಮಾತು, ಕರಾವಳಿಯ ಮಾತು. ಕಣ್ಣಿಗೆ ಅದು ತಪ್ಪು ಕಾಗುಣಿತದ ಹಾಗೆ ಕಾಣುತ್ತದೆ. ದೇವನೂರ ಮಹಾದೇವರ ‘ಒಡಲಾಳ’ವನ್ನೇ ತೆಗೆದುಕೊಳ್ಳಿ. ಕಥೆ ಇಷ್ಟೇ: ಸಾಕವ್ವನ ಹುಂಜ ಕಳೆದುಹೋಗಿದೆ. ರಾತ್ರಿ ಮನೆಮಂದಿಯೆಲ್ಲ ಬೆಂಕಿಯ ಸುತ್ತ ಕೂತು ಕದ್ದು ತಂದ ಕಡಲೇಕಾಯಿ ತಿನ್ನುತ್ತಾರೆ. ಮನಸ್ಸಿನಲ್ಲೇ ಓದಿದರೆ ಸಾಲು ಸಾಲಿಗೂ ಎಡವುತ್ತೀರಿ. ಜೋರಾಗಿ, ಬಾಯಿಬಿಟ್ಟು ಓದಿ ನೋಡಿ. ಕಣ್ಣಿಗೆ ಗೊತ್ತಾಗದ್ದು ಕಿವಿಗೆ ಗೊತ್ತಾಗುತ್ತದೆ. ಒಂದೆರಡು ಪುಟಕ್ಕೆ ಸಾಕವ್ವನ ದನಿ ನಾಲಿಗೆಗೆ ಹತ್ತುತ್ತದೆ, ಆಮೇಲೆ ಸುಮ್ಮನೆ ಓದಬಹುದು. ಅವರ ‘ಕುಸುಮಬಾಲೆ’ ಇದಕ್ಕಿಂತ ಕಠಿಣ, ಅದು ‘ಒಡಲಾಳ’ ಆದ ಮೇಲೆ ಮಾತ್ರ. ನೇರವಾಗಿ ಅದಕ್ಕೆ ಕೈ ಹಾಕಿ ಬಿಟ್ಟವರನ್ನು ತುಂಬಾ ನೋಡಿದ್ದೇನೆ.

ನಿಮಗೆ ದಪ್ಪ ಪುಸ್ತಕವೇ ಬೇಕು, ಸಿನಿಮಾ ತರಹ ಓಡಬೇಕು ಅಂದರೆ ವಸುಧೇಂದ್ರರ ‘ತೇಜೋ-ತುಂಗಭದ್ರಾ’, 2019. ಒಂದು ಕಡೆ ಲಿಸ್ಬನ್, ಇನ್ನೊಂದು ಕಡೆ ವಿಜಯನಗರ. ಅಲ್ಲಿ ಗೇಬ್ರಿಯಲ್ ಮತ್ತು ಬೆಲ್ಲಾ, ಇಲ್ಲಿ ಹಂಪಮ್ಮ ಮತ್ತು ಕೇಶವ. ಭಾಷೆ ಸಲೀಸು. ಅಧ್ಯಾಯ ಮುಗಿದಾಗಲೆಲ್ಲ ಮುಂದೇನು ಅನ್ನಿಸುತ್ತದೆ. ಆದರೆ ಹಿಂಸೆಯ ಭಾಗಗಳು ತುಂಬಾ ಕಠೋರವಾಗಿವೆ, ಮೊದಲೇ ಹೇಳಿಬಿಡುತ್ತೇನೆ.

ಭೈರಪ್ಪನವರ ‘ಗೃಹಭಂಗ’ ನಿಮ್ಮ ಪಟ್ಟಿಯಲ್ಲಿ ಇದ್ದೇ ಇರುತ್ತದೆ. ಓದಿಸಿಕೊಂಡು ಹೋಗುವ ಪುಸ್ತಕ, ಮೂವತ್ತು ಪುಟದ ತೊಂದರೆ ಇಲ್ಲವೇ ಇಲ್ಲ. ಕೈಲಾಗದ ಗಂಡ, ಬಾಯಿಬಡುಕ ಅತ್ತೆ, ಶ್ಯಾನುಭೋಗಿಕೆಯ ಲೆಕ್ಕ ಬರೆದು ಮನೆ ನಡೆಸುವ ನಂಜಮ್ಮ, ಎಲ್ಲರೂ ಕಣ್ಣ ಮುಂದೆ ನಿಲ್ಲುತ್ತಾರೆ. ಆದರೆ ಪ್ಲೇಗಿನ ಭಾಗ ಬಂದಾಗ ನಿಮ್ಮ ಮನಸ್ಸು ಗಟ್ಟಿ ಇರಬೇಕು. ಕೆಲಸದಲ್ಲಿ ಸುಸ್ತಾಗಿ, ಮನೆಯಲ್ಲಿ ಏನೋ ಬೇಸರ ಇದ್ದಾಗ ಇದನ್ನು ಹಿಡಿಯಬೇಡಿ. ರಜೆಗೆ ಇಟ್ಟುಕೊಳ್ಳಿ.

ಮತ್ತೊಂದು ಸಣ್ಣ ವಿಷಯ. ಮುನ್ನುಡಿ ಬಿಟ್ಟು ಓದಿ. ಕನ್ನಡದ ಮುನ್ನುಡಿಗಳು ಕೆಲವು ಸಲ ಪುಸ್ತಕಕ್ಕಿಂತ ಕಷ್ಟ, ಕಥೆಯ ಕೊನೆಯನ್ನೂ ಹೇಳಿಬಿಡುತ್ತವೆ. ಪುಸ್ತಕ ಮುಗಿದ ಮೇಲೆ ಓದಿದರೆ ಅವೇ ರುಚಿಸುತ್ತವೆ.

ನನ್ನ ಪ್ರಕಾರ ನಿಮಗೆ ಮೊದಲು ‘ಘಾಚರ್ ಘೋಚರ್’, ಆಮೇಲೆ ‘ಕರ್ವಾಲೊ’, ನಡುವೆ ಒಂದೊಂದು ಸಣ್ಣ ಕಥೆ. ನೀವು ಬಿಟ್ಟ ಪುಸ್ತಕಗಳು ಯಾವುವು ಅಂತ ಬರೆದಿಲ್ಲವಲ್ಲ, ಅವುಗಳ ಹೆಸರು ಹೇಳಿ. ನೀವು ಯಾವ ಕಡೆಯ ಕನ್ನಡ ಕೇಳಿ ಬೆಳೆದವರು ಅಂತಲೂ ತಿಳಿಸಿ. ಉತ್ತರ ಕರ್ನಾಟಕದವರಾದರೆ ನಾನು ಮೊದಲು ಹೇಳುವ ಪುಸ್ತಕ ಬೇರೆಯೇ ಇದೆ: ರಾವಬಹಾದ್ದೂರರ ‘ಗ್ರಾಮಾಯಣ’.