ಡ್ರೆಡ್‌ನಾಟ್ ಜಟ್ಲ್ಯಾಂಡ್ ಕದನದಲ್ಲಿ ಯಾಕಿರಲಿಲ್ಲ?

ನೀವು ಎರಡು ವಿಷಯ ಕೇಳಿದ್ದೀರಿ: ಅಷ್ಟು ಹೆಸರಾದ ಬ್ರಿಟಿಷ್ ಬ್ಯಾಟಲ್‌ಶಿಪ್ (ಭಾರಿ ತೋಪುಗಳ ದೊಡ್ಡ ಯುದ್ಧನೌಕೆ) ಎಚ್‌ಎಂಎಸ್ ಡ್ರೆಡ್‌ನಾಟ್, ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಮತ್ತು ಜರ್ಮನ್ ನೌಕಾಪಡೆಗಳು ಕಾದಾಡಿದ ಜಟ್ಲ್ಯಾಂಡ್‌ನಲ್ಲಿ ಯಾಕಿರಲಿಲ್ಲ, ಆ ಯುದ್ಧದಲ್ಲಿ ಅದು ಏನನ್ನಾದರೂ ಮುಳುಗಿಸಿತೇ ಅಂತ.

ಮೊದಲನೆಯದಕ್ಕೆ ಉತ್ತರ ಸಪ್ಪೆ. 1916ರ ಏಪ್ರಿಲ್‌ನಿಂದ ಜೂನ್‌ವರೆಗೆ ಅದು ಪೋರ್ಟ್ಸ್‌ಮತ್‌ನಲ್ಲಿ ದುರಸ್ತಿಯಲ್ಲಿತ್ತು. ಕದನ ನಡೆದದ್ದು ಮೇ 31ಕ್ಕೆ. ಹೊರಬಂದ ಮೇಲೆ ಹಳೆಯ ಹಡಗುಗಳ ಮೂರನೇ ಸ್ಕ್ವಾಡ್ರನ್ ಜತೆ ಥೇಮ್ಸ್ ಮುಖದ ಶೀರ್‌ನೆಸ್ಸಿಗೆ ಕಳಿಸಿದರು. ಹತ್ತು ವರ್ಷ ಹಿಂದೆ ಉಳಿದದ್ದನ್ನೆಲ್ಲ ಹಳತು ಮಾಡಿದ್ದ ಹಡಗು ಅಷ್ಟರಲ್ಲಿ ತಾನೇ ಹಳತಾಗಿತ್ತು: ಅದರದು 12 ಇಂಚಿನ ಹತ್ತು ತೋಪು, ಹೊಸ ಕ್ವೀನ್ ಎಲಿಜಬೆತ್ ವರ್ಗದ ಬ್ರಿಟಿಷ್ ಹಡಗುಗಳದ್ದು 15 ಇಂಚಿನವು.

ಎರಡನೆಯದು ರುಚಿಯಾಗಿದೆ. 1915 ಮಾರ್ಚ್ 18ರಂದು ಸ್ಕಾಟ್ಲೆಂಡ್‌ನ ಉತ್ತರದ ಜಲಸಂಧಿ ಪೆಂಟ್‌ಲ್ಯಾಂಡ್ ಫರ್ತ್ ಬಳಿ ಜರ್ಮನ್ ಯು-29 ಸಬ್‌ಮರೀನ್ ಬ್ರಿಟನ್ನಿನ ನೆಪ್ಚೂನ್ ಹಡಗಿಗೆ ಟಾರ್ಪಿಡೊ ಬಿಟ್ಟಿತು, ಗುರಿ ತಪ್ಪಿತು. ಆಮೇಲೆ ಅದು ಡ್ರೆಡ್‌ನಾಟ್‌ನ ಮುಂದೆಯೇ ನೀರಿನ ಮೇಲೆ ಕಾಣಿಸಿಕೊಂಡಿತು. ಡ್ರೆಡ್‌ನಾಟ್ ಅಟ್ಟಿಸಿಕೊಂಡು ಹೋಗಿ ಮೂತಿಯಿಂದಲೇ ಗುದ್ದಿತು. ಮೇಲೆದ್ದ ಸಬ್‌ಮರೀನಿನ ಮುಂಭಾಗದಲ್ಲಿ 29 ಅಂಕಿ ಕಾಣಿಸಿತು, ಮುಳುಗಿತು, ಯಾರೂ ಬದುಕಲಿಲ್ಲ. ಅದರ ಕ್ಯಾಪ್ಟನ್ ಒಟ್ಟೊ ವೆಡಿಗೆನ್, 1914ರ ಸೆಪ್ಟೆಂಬರ್ 22ರಂದು ಯು-9ರಿಂದ ಮೂರು ಬ್ರಿಟಿಷ್ ಕ್ರೂಸರ್ ಮುಳುಗಿಸಿದವನೇ. ಬ್ಯಾಟಲ್‌ಶಿಪ್ ಒಂದು ಬೇಕೆಂದೇ ಡಿಕ್ಕಿ ಹೊಡೆದು ಸಬ್‌ಮರೀನ್ ಮುಳುಗಿಸಿದ್ದು ಇದೊಂದೇ ಪ್ರಸಂಗ.

ಈ ಹಡಗಿನ ಮಾದರಿ ಕಟ್ಟುವುದಾದರೆ ಒಂದು ಗಮನಿಸಿ: ಮುಂಗಂಬ (ವೀಕ್ಷಣಾ ಅಟ್ಟ ಹೊತ್ತ ಮುಂದಿನ ಎತ್ತರದ ಕಂಬ) ಮೊದಲ ಚಿಮಣಿಯ ಹಿಂದಿದೆ, ಮುಂದಲ್ಲ. ಅದೇ ವಿನ್ಯಾಸದ ದೊಡ್ಡ ತಪ್ಪು. ಚಿಮಣಿಯ ಹೊಗೆ, ಬಿಸಿಗಾಳಿ ನೇರ ಕಂಬದ ಮೇಲಿನ ಆ ಅಟ್ಟಕ್ಕೆ ನುಗ್ಗುತ್ತಿತ್ತು. ಹಡಗನ್ನು 1921ರಲ್ಲಿ ಗುಜರಿಗೆ ಮಾರಿ, 1923ರಲ್ಲಿ ಸ್ಕಾಟ್ಲೆಂಡ್‌ನ ಇನ್ವರ್‌ಕೀಥಿಂಗ್‌ನಲ್ಲಿ ಒಡೆದರು.