ಐದೂವರೆಗೆ ಮನೆಗೆ ಹೋಗು

ತಮ್ಮಾ, ನಿನ್ನ ಪ್ರಶ್ನೆಗಳನ್ನು ಪೂರ್ತಿ ಓದಿದೆ. ಬೆಂಗಳೂರಿನಿಂದ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದು ನಾಲ್ಕು ತಿಂಗಳಾಗಿದೆ. ಐದೂವರೆಗೆ ಆಫೀಸು ಖಾಲಿಯಾದರೂ ಎಂಟರವರೆಗೆ ಕೂತಿರುತ್ತೀಯ, ಮ್ಯಾನೇಜರ್ ಬಂದು ಮನೆಗೆ ಹೋಗು ಅಂದರೆ ಕಳವಳ ಆಗುತ್ತದೆ. ಡಲ್ಲಾಸ್‌ನಲ್ಲಿರುವ ದೊಡ್ಡಪ್ಪನ ಮಗ ಮನೆ ಕೊಂಡಾಯಿತು. ಅಪ್ಪ ಕನಕಪುರ ರಸ್ತೆಯಲ್ಲಿ ಸೈಟು ನೋಡಿಟ್ಟಿದ್ದಾರೆ, ಅಮ್ಮ ವಾಟ್ಸಾಪಿನಲ್ಲಿ ಹುಡುಗಿಯರ ಫೋಟೋ ಕಳಿಸುತ್ತಿದ್ದಾರೆ. "ಇಲ್ಲಿ ನಾನು ಗೆದ್ದೆ ಅಂತ ಗೊತ್ತಾಗೋದು ಹೇಗಕ್ಕ?" ಅಂತ ಕೇಳಿದ್ದೀಯ.

ಮೊದಲು ಆಫೀಸಿನ ವಿಷಯ. ಜರ್ಮನಿಯ ಕಾನೂನಿನಲ್ಲಿ ದಿನದ ಕೆಲಸ 8 ಗಂಟೆ. ಹೆಚ್ಚೆಂದರೆ 10, ಅದೂ ಮುಂದಿನ ತಿಂಗಳುಗಳಲ್ಲಿ ಸರಾಸರಿ ಎಂಟಕ್ಕೆ ಇಳಿಯಬೇಕು. ಇವತ್ತು ಕೆಲಸ ಮುಗಿಸಿದ ಮೇಲೆ ನಾಳೆ ಶುರು ಮಾಡುವ ಮುಂಚೆ 11 ಗಂಟೆ ಬಿಡುವು ಇರಲೇಬೇಕು. ಇದನ್ನು ಪಾಲಿಸುವ ಹೊಣೆ ಕಂಪನಿಯದು. ಹಾಗಾಗಿ ನಿನ್ನ ಮ್ಯಾನೇಜರ್ ಮನಸ್ಸಿನಿಂದಲೇ ಹೇಳುತ್ತಿದ್ದಾರೆ, ಪರೀಕ್ಷೆ ಮಾಡುತ್ತಿಲ್ಲ. ನಮ್ಮಲ್ಲಿ ರಾತ್ರಿ ಅಮೆರಿಕದ ಕಾಲ್ ಮುಗಿಸಿ ಕ್ಯಾಬ್ ಹತ್ತಿದವನೇ ಶ್ರಮಜೀವಿ. ಇಲ್ಲಿ ದಿನಾ ತಡವಾಗಿ ಕೂತವನನ್ನು ನೋಡಿದರೆ, ಇವನಿಗೆ ಕೆಲಸ ಹಂಚಿಕೊಟ್ಟದ್ದರಲ್ಲೇ ಏನೋ ಎಡವಟ್ಟಾಗಿದೆ ಅಂದುಕೊಳ್ಳುತ್ತಾರೆ. ಗುರುವಾರ ಕೊಡುತ್ತೇನೆ ಅಂದದ್ದನ್ನು ಗುರುವಾರ ಕೊಡು. ಆಗುವುದಿಲ್ಲವಾದರೆ ಮಂಗಳವಾರವೇ ಹೇಳು. ನಾನು ಕಂಡ ಹಾಗೆ ಇಲ್ಲಿ ಹೆಸರು ಬರುವುದು ಅದರಿಂದ.

ರಜೆಯನ್ನೂ ಹಾಗೆಯೇ ನೋಡು. ಕಾನೂನು ಕನಿಷ್ಠ ನಾಲ್ಕು ವಾರ ಕೊಡುತ್ತದೆ, ನಿನ್ನಂಥ ಎಂಜಿನಿಯರುಗಳ ಒಪ್ಪಂದದಲ್ಲಿ ಸಾಮಾನ್ಯವಾಗಿ 30 ದಿನ ಇರುತ್ತದೆ. ಜ್ವರ ಬಂದರೆ ಆರು ವಾರದವರೆಗೆ ಪೂರ್ತಿ ಸಂಬಳ ನಡೆಯುತ್ತದೆ. ರಜೆಯಲ್ಲಿದ್ದಾಗಲೇ ಕಾಯಿಲೆ ಬಿದ್ದು ಡಾಕ್ಟರ ಚೀಟಿ ಕೊಟ್ಟರೆ, ಆ ದಿನಗಳು ರಜೆಯ ಲೆಕ್ಕಕ್ಕೆ ವಾಪಸ್ ಬರುತ್ತವೆ. ಊರಿನಲ್ಲಿ ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ಈ ದೇಶದಲ್ಲಿ ಸಂಬಳದ ಒಂದು ಪಾಲು ಸಮಯದ ರೂಪದಲ್ಲಿ ಕೈಗೆ ಬರುತ್ತದೆ. ಅದನ್ನು ಆಫೀಸಿಗೇ ವಾಪಸ್ ಕೊಟ್ಟು, ಉಳಿದ ದುಡ್ಡನ್ನು ಮಾತ್ರ ಊರಿನವರ ಮುಂದೆ ಎಣಿಸಿ ತೋರಿಸುತ್ತಾ ಹೋದರೆ ಯಾವತ್ತೂ ಕಡಿಮೆಯೇ ಬೀಳುತ್ತದೆ.

ನನ್ನದೇ ಹೇಳುತ್ತೇನೆ. ಮಗಳು ಹುಟ್ಟಿದ ಮೇಲೆ ನಾನು ಕೆಲಸವನ್ನು ಶೇ 80ಕ್ಕೆ ಇಳಿಸಿಕೊಂಡೆ, ವಾರಕ್ಕೆ ನಾಲ್ಕು ದಿನ. 15ಕ್ಕಿಂತ ಹೆಚ್ಚು ಜನರಿರುವ ಕಂಪನಿಯಲ್ಲಿ ಆರು ತಿಂಗಳು ದುಡಿದವರು ಯಾರು ಬೇಕಾದರೂ ಇದನ್ನು ಕೇಳಬಹುದು, ತಕ್ಕ ಕಾರಣವಿಲ್ಲದೆ ಕಂಪನಿ ಇಲ್ಲ ಅನ್ನುವಂತಿಲ್ಲ. ಇದರ ಜೊತೆಗೆ ನನ್ನ ಗಂಡ ಮಗುವಿಗಾಗಿ ಎರಡು ತಿಂಗಳು ರಜೆ ಹಾಕಿದರು. ಸರ್ಕಾರದ ಪೋಷಕರ ಭತ್ಯೆ 12 ತಿಂಗಳಿಂದ 14 ತಿಂಗಳಿಗೆ ಏರಬೇಕಾದರೆ ಇನ್ನೊಬ್ಬರೂ ಕನಿಷ್ಠ ಎರಡು ತಿಂಗಳು ಮಗುವನ್ನು ನೋಡಿಕೊಳ್ಳಬೇಕು. ನಮ್ಮ ಮಾವನವರಿಗೆ ಇದು ಅರಗಲೇ ಇಲ್ಲ. "ಓದಿಸಿ ಕಳಿಸಿದ ಮಗ ಮನೇಲಿ ಕೂತು ಮಗು ಆಡಿಸ್ತಾನಾ?" ಅಂದರು. ನನ್ನ ಕೆಲಸಕ್ಕೇನೋ ಆಗಿದೆ, ನಾವು ಮುಚ್ಚಿಡುತ್ತಿದ್ದೇವೆ ಅಂತ ನೆಂಟರು ತೀರ್ಮಾನಿಸಿದರು. ನಷ್ಟವೂ ಆಯಿತು. ಸಂಬಳ ಇಳಿಯಿತು, ಮುಂದಿನ ಪಿಂಚಣಿ ಇಳಿಯಿತು, ನಾನು ಆಸೆಪಟ್ಟಿದ್ದ ಪ್ರಾಜೆಕ್ಟಿನ ನಾಯಕತ್ವ ಬೇರೆಯವರಿಗೆ ಹೋಯಿತು. ಬೇಸರವೂ ಆಯಿತು. ಆದರೆ ಬುಧವಾರ ಮಧ್ಯಾಹ್ನ ಮಗಳಿಗೆ ಕನ್ನಡ ಅಕ್ಷರ ತಿದ್ದಿಸಿದವಳು ನಾನು, ಇವತ್ತು ಅವಳು ತನ್ನ ಅಜ್ಜಿಗೆ ತಾನೇ ಓಲೆ ಬರೆಯುತ್ತಾಳೆ. ಎದೆ ಮುಟ್ಟಿ ಹೇಳುತ್ತೇನೆ, ನನ್ನ ಮಟ್ಟಿಗೆ ಗೆಲುವು ಅದು.

ನೀನಿರುವ ಕಟ್ಟಡದಲ್ಲೂ ಇಷ್ಟರಲ್ಲಿ ಬಾಗಿಲಿಗೆ ಒಂದು ಪುಟ್ಟ ಫಲಕ ನೇತುಹಾಕಿರುತ್ತಾರೆ: 'ಕೇರ್‌ವೋಖೆ'. ಆ ವಾರ ಮೆಟ್ಟಿಲು ಗುಡಿಸಿ ಒರೆಸುವ ಸರದಿ ನಿನ್ನದು, ಮುಗಿದ ಮೇಲೆ ಫಲಕ ಪಕ್ಕದ ಮನೆಗೆ. ನಮ್ಮ ಮೇಲಿನ ಮಹಡಿಯವರು ಒಂದು ವಿಭಾಗದ ಮುಖ್ಯಸ್ಥರು, ಶನಿವಾರ ಬಕೆಟ್ಟು ಹಿಡಿದು ಬಗ್ಗಿ ಮೂಲೆಮೂಲೆ ಒರೆಸುತ್ತಾರೆ. ಕೆಲಸದವರು ಎಷ್ಟು ಮಂದಿ, ಮನೆ ಎಷ್ಟು ಚದರ ಅಂತ ಮನುಷ್ಯನ ಅಂತಸ್ತು ಅಳೆಯುವ ಊರಿನಿಂದ ಬಂದ ನನಗೆ ಇದನ್ನು ದಿನಾ ನೋಡುವುದೇ ಒಂದು ಬಿಡುಗಡೆಯಾಯಿತು.

ಸೈಟಿನ ವಿಷಯಕ್ಕೆ ಬರೋಣ. ಊರಿನಲ್ಲಿ ನಿನ್ನ ಸಂಬಳವನ್ನು ಯೂರೋಗೆ ನೂರು ರೂಪಾಯಿಯ ಆಸುಪಾಸಿನಲ್ಲಿ ಗುಣಿಸುತ್ತಾರೆ. ಒಬ್ಬಂಟಿಯಾದ ನಿನಗೆ ತೆರಿಗೆ, ಪಿಂಚಣಿ, ವಿಮೆ ಸೇರಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕೈಗೆ ಬರುವ ಮೊದಲೇ ಕಡಿತವಾಗುತ್ತದೆ ಅನ್ನುವುದು ಅವರಿಗೆ ಗೊತ್ತಿಲ್ಲ. ಒಂದು ತಿಂಗಳ ಸಂಬಳ ಚೀಟಿಯನ್ನು ಅಪ್ಪನಿಗೆ ಕಳಿಸು. ಮುಚ್ಚಿಟ್ಟಷ್ಟೂ ನಿರೀಕ್ಷೆ ಬೆಳೆಯುತ್ತದೆ. ಮನೆ ಬಾಡಿಗೆಗೆ ಮೂರು ತಿಂಗಳ ಠೇವಣಿ ಕಟ್ಟಿದ್ದೀಯ, ಆರು ತಿಂಗಳ ಪ್ರೊಬೇಷನ್ ಇನ್ನೂ ಮುಗಿದಿಲ್ಲ, ಆ ಅವಧಿಯಲ್ಲಿ ಎರಡು ವಾರದ ನೋಟಿಸಿನಲ್ಲಿ ಕೆಲಸದಿಂದ ತೆಗೆಯಬಹುದು. ಈಗ ಇಎಂಐ ಹೊತ್ತುಕೊಳ್ಳಬೇಡ. ಮುಂದೆ ಕೊಳ್ಳುವುದಾದರೂ ಆ ಜಾಗ ಕೃಷಿಯಿಂದ ವಸತಿಗೆ ಕನ್ವರ್ಷನ್ ಆಗಿದೆಯೇ ಅಂತ ಕಾಗದ ತರಿಸಿ ನೋಡು. ಅನಿವಾಸಿ ಭಾರತೀಯರು ಕೃಷಿ ಜಮೀನು ಕೊಳ್ಳುವ ಹಾಗಿಲ್ಲ.

ಡಲ್ಲಾಸ್‌ನ ಅಣ್ಣನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಲ್ಲಿ ಸಂಬಳ ಜಾಸ್ತಿ, ತೆರಿಗೆ ಕಡಿಮೆ, ನಿಜ. ಅಲ್ಲಿ ಸಂಬಳ ಸಹಿತ ರಜೆ ಕೊಡಲೇಬೇಕು ಅನ್ನುವ ಒಕ್ಕೂಟ ಕಾನೂನೇ ಇಲ್ಲ. ಒಂದೊಂದು ದೇಶಕ್ಕೆ ಶೇ 7ರ ಮಿತಿ ಇರುವುದರಿಂದ ನಮ್ಮವರು ಗ್ರೀನ್ ಕಾರ್ಡಿಗೆ ವರ್ಷಗಟ್ಟಲೆ ಕಾಯುತ್ತಾರೆ. ದೂರದ ಬೆಟ್ಟ ನುಣ್ಣಗೆ. ಅವನಿಗೂ ನಿನ್ನದು ಹಾಗೆ ಕಾಣುತ್ತಿರಬಹುದು, ಕೇಳಿ ನೋಡು.

ಮದುವೆಯ ಮಾತು ಬಂದಾಗ ಹುಡುಗಿಗೆ ನಿಜ ಹೇಳು. ನಿನ್ನದು ಬ್ಲೂ ಕಾರ್ಡ್ (ಓದಿದ ಹೊರದೇಶದ ನೌಕರರಿಗೆ ಕೊಡುವ ವಾಸದ ಪರವಾನಗಿ) ಆದ್ದರಿಂದ ಹೆಂಡತಿಗೆ ಇಲ್ಲಿ ಬಂದ ಕೂಡಲೇ ಕೆಲಸ ಮಾಡುವ ಹಕ್ಕಿದೆ, ವೀಸಾಗೆ ಜರ್ಮನ್ ಪರೀಕ್ಷೆಯೂ ಬೇಕಿಲ್ಲ. ಆದರೆ ಭಾಷೆ ಬಾರದೆ ಕೆಲಸ ಸಿಗುವುದು ಕಷ್ಟ. ಅಲ್ಲಿ ಶಿಕ್ಷಕಿಯೋ ವಕೀಲೆಯೋ ಆಗಿದ್ದವಳು ಇಲ್ಲಿ ಮೊದಲಿನಿಂದ ಶುರು ಮಾಡಬೇಕು. ಹೀಗೆ ಬಂದು, ನಾಲ್ಕು ಗೋಡೆ ನೋಡುತ್ತಾ ವರ್ಷ ಕಳೆದವರ ಜೊತೆ ಕೂತು ನಾನು ಅತ್ತಿದ್ದೇನೆ. ಇದನ್ನು ಮುಚ್ಚಿ ಮದುವೆ ಆಗಬೇಡ.

ಅಪ್ಪ ಅಮ್ಮನ ವಯಸ್ಸಿಗೆ ಮಾತ್ರ ಯಾವ ಲೆಕ್ಕವೂ ಸರಿಹೊಂದುವುದಿಲ್ಲ. 2024ರ ಮಾರ್ಚ್ 1ರಿಂದ ಈಚೆಗೆ ಮೊದಲ ಸಲ ವಾಸದ ಪರವಾನಗಿ ಪಡೆದ ನಿನ್ನಂಥವರು ತಂದೆ ತಾಯಿಯನ್ನು ಕರೆಸಿಕೊಳ್ಳಲು ದಾರಿ ಇದೆ, ನಮಗೆ ಇರಲಿಲ್ಲ. ಅವರ ಖರ್ಚು, ಆರೋಗ್ಯ ವಿಮೆ ನೀನೇ ಹೊರಬೇಕು, ಆ ವಯಸ್ಸಿಗೆ ವಿಮೆ ಸಿಗುವುದೇ ದೊಡ್ಡ ತಲೆನೋವು. ಡಿಸೆಂಬರಿನಲ್ಲಿ ಐದಕ್ಕೆಲ್ಲ ಕತ್ತಲಾಗುವ ಊರಿನಲ್ಲಿ ಅವರು ಯಾರ ಜೊತೆ ಮಾತಾಡಬೇಕು ಅನ್ನುವುದೂ ಇದೆ. ನಾನು ರಜೆಯ ಹೆಚ್ಚಿನ ಪಾಲನ್ನು ಅಮ್ಮನಿಗೆಂದೇ ಎತ್ತಿಡುತ್ತೇನೆ. ಊರಿಗೆ ಹೋದಾಗ ನೆಂಟರ ಮನೆ ಸುತ್ತುವುದಿಲ್ಲ, ಬೇಕಾದವರು ಬಂದು ನೋಡಿ ಹೋಗುತ್ತಾರೆ. ಕೆಲವರಿಗೆ ಕೋಪ ಬಂದಿದೆ, ಬರಲಿ.

ಈಗ ಆ ಐದೂವರೆಯಿಂದ ಎಂಟರವರೆಗಿನ ಹೊತ್ತನ್ನು ಭಾಷೆಗೆ ಕೊಡು. ಜರ್ಮನ್ ಭಾಷೆಯ ಮಧ್ಯಮ ಹಂತದ ಪರೀಕ್ಷೆ ಬಿ1 ಪಾಸಾದರೆ ಬ್ಲೂ ಕಾರ್ಡಿನವರಿಗೆ 21 ತಿಂಗಳಲ್ಲಿ ಕಾಯಂ ವಾಸದ ಪರವಾನಗಿ ಸಿಗುತ್ತದೆ, ಮೊದಲ ಹಂತದ ಎ1 ಮಾತ್ರ ಆದರೆ 27 ತಿಂಗಳು. ಅದು ಕೈಗೆ ಬಂದ ಮೇಲೆ ಕೆಲಸ ಬದಲಿಸುವ ಧೈರ್ಯವೇ ಬೇರೆ. ನಗರದ ವಯಸ್ಕರ ಶಿಕ್ಷಣ ಕೇಂದ್ರವಾದ ಫೋಕ್ಸ್‌ಹೋಖ್‌ಶೂಲೆಯಲ್ಲಿ ಸಂಜೆ ತರಗತಿಗಳಿವೆ, ಖಾಸಗಿ ಶಾಲೆಗಳಿಗಿಂತ ಶುಲ್ಕವೂ ಕಡಿಮೆ. ಸೀಟು ಬೇಗ ತುಂಬುತ್ತದೆ, ಈ ವಾರವೇ ಹೆಸರು ಬರೆಸು.