ಸೊಂಟಮಟ್ಟದ ನೀರಿನಲ್ಲಿ ಬಿಟ್ಟ ಕೈ

ಮಾರ್ಚ್ ತಿಂಗಳ ಕೊನೆಯ ವಾರದಲ್ಲಿ ಚಿಕ್ಕಮಗಳೂರಿನ ನನ್ನ ಸಲಹಾ ಕೊಠಡಿಗೆ ಬಂದ ದಂಪತಿಯ ಪ್ರಕರಣವನ್ನು ಅವರಿಬ್ಬರ ಒಪ್ಪಿಗೆಯೊಂದಿಗೆ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಊರು, ವಯಸ್ಸು ಮತ್ತು ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಪತಿ ಐವತ್ತರ ಆಸುಪಾಸಿನವರು, ರೋಬಸ್ಟಾ ಕಾಫಿ ತೋಟದ ಮಾಲೀಕರು. ಪತ್ನಿ ಸಕಲೇಶಪುರದ ಕಡೆಯವರು. ಮದುವೆಯಾಗಿ ಇಪ್ಪತ್ತೆರಡು ವರ್ಷ, ಒಬ್ಬನೇ ಮಗ ಬೆಂಗಳೂರಿನಲ್ಲಿ ಓದುತ್ತಿದ್ದಾನೆ.

ಮಗ ಮನೆ ಬಿಟ್ಟ ಮೇಲೆ ಹೆಂಡತಿ ಮಂಕಾಗಿರುವುದನ್ನು ಗಮನಿಸಿದ ಪತಿ, ಕೊಯ್ಲು ಮುಗಿದ ಕೂಡಲೇ ಶ್ರೀಲಂಕಾದ ದಕ್ಷಿಣ ಕರಾವಳಿಯಲ್ಲಿರುವ ಉನವಟುನ ಎಂಬ ಊರಿಗೆ ನಾಲ್ಕು ರಾತ್ರಿಗಳ ಪ್ರವಾಸವನ್ನು ಗೊತ್ತುಮಾಡಿದ್ದರು. ಬೆಂಗಳೂರಿನಿಂದ ಕೊಲಂಬೊಗೆ ವಿಮಾನದಲ್ಲಿ ಒಂದೂವರೆ ಗಂಟೆಯ ಹಾದಿ; ಅಲ್ಲಿಂದ ದಕ್ಷಿಣದ ಹೆದ್ದಾರಿ ಹಿಡಿದರೆ ಸಂಜೆಯೊಳಗೆ ಕಡಲ ದಂಡೆಯಲ್ಲಿರಬಹುದು. ಗಾಲೆ ಕೋಟೆಯಿಂದ ಕೆಲವೇ ಕಿಲೋಮೀಟರ್ ದೂರದಲ್ಲಿರುವ ಆ ಕೊಲ್ಲಿಗೆ ಹವಳದ ದಿಬ್ಬ ಅಡ್ಡವಾಗಿರುವುದರಿಂದ ಅಲೆಗಳ ಅಬ್ಬರ ಕಡಿಮೆ, ಈಜು ಬಾರದವರೂ ಅಂಚಿನಲ್ಲಿ ನಿಲ್ಲಬಹುದು. ಪತಿ ಇದನ್ನೆಲ್ಲ ವಿಚಾರಿಸಿಯೇ ಊರನ್ನು ಆರಿಸಿದ್ದರು ಎಂಬುದನ್ನು ಮೊದಲೇ ಹೇಳಬೇಕು, ಏಕೆಂದರೆ ಮುಂದೆ ಬರುವ ಸಂಗತಿಯನ್ನು ಓದಿದವರು ಅವರನ್ನು ಅಕ್ಕರೆಯಿಲ್ಲದ ಮನುಷ್ಯ ಎಂದುಕೊಳ್ಳುವ ಸಾಧ್ಯತೆಯಿದೆ.

ಎರಡನೆಯ ದಿನ ಬೆಳಿಗ್ಗೆ ಪತಿ ಹೆಂಡತಿಯ ಕೈಹಿಡಿದು ಸಮುದ್ರಕ್ಕೆ ಇಳಿಸಿದರು. ಆಕೆ ಹುಟ್ಟಿ ಬೆಳೆದದ್ದು ಹೇಮಾವತಿಯ ದಡದಲ್ಲಿ. ಮಳೆಗಾಲದ ಹೊಳೆಯನ್ನು ಕಂಡ ಹಿರಿಯರು ಹೆಣ್ಣುಮಕ್ಕಳನ್ನು ನೀರಿನ ಹತ್ತಿರ ಬಿಟ್ಟವರಲ್ಲ. ಮೊಣಕಾಲಿಗಿಂತ ಮೇಲಿನ ನೀರಿನಲ್ಲಿ ಆಕೆ ಎಂದೂ ನಿಂತವರಲ್ಲ. ಸೊಂಟದವರೆಗೆ ನೀರು ಬಂದಾಗ ದಡದ ಮೇಲಿದ್ದ ಚೀಲದಲ್ಲಿ ಫೋನು ಬಾರಿಸತೊಡಗಿತು. ಪತಿ “ಇಲ್ಲೇ ನಿಂತಿರು, ಬಂದೆ” ಎಂದು ಕೈ ಬಿಟ್ಟು ದಡಕ್ಕೆ ಹೋದರು. ಕರೆ ತೋಟದ ಲೆಕ್ಕ, ಆಳುಗಳ ಹಾಜರಿ ನೋಡಿಕೊಳ್ಳುವ ರೈಟರದ್ದು. ಕೆರೆಯ ಬಳಿಯ ಮೋಟಾರು ಸುಟ್ಟುಹೋಗಿತ್ತು, ಗಿಡಗಳ ಮೇಲೆ ಮಳೆಯಂತೆ ನೀರು ಚಿಮ್ಮಿಸುವ ಜೆಟ್ ಅರ್ಧ ತೋಟಕ್ಕೆ ಮಾತ್ರ ಹಾರಿಸಿ ಆಗಿತ್ತು. ಮಾತು ಇಪ್ಪತ್ತು ನಿಮಿಷ ನಡೆಯಿತು. ಪತಿ ತಿರುಗಿ ನೋಡುವಷ್ಟರಲ್ಲಿ ಹೆಂಡತಿ ತಾನಾಗಿಯೇ ದಡ ಸೇರಿ ಕೋಣೆಗೆ ಹೋಗಿದ್ದರು. ಮರುದಿನ ಗಾಲೆ ಕೋಟೆಯ ಗೋಡೆಯ ಮೇಲೆ ದೀಪಸ್ತಂಭದವರೆಗೆ ಇಬ್ಬರೂ ನಡೆದರಾದರೂ ಮಾತಿರಲಿಲ್ಲ. ಊರಿಗೆ ಮರಳಿದ ಮೇಲೆ ಪತ್ನಿ ಮಗನ ಕೋಣೆಯಲ್ಲಿ ಮಲಗತೊಡಗಿದರು. ಮೂರು ವಾರ ಹಾಗೆಯೇ ಕಳೆದ ಮೇಲೆ ಪತ್ನಿಯ ಅಕ್ಕ ಅವರನ್ನು ನನ್ನ ಬಳಿಗೆ ಕಳುಹಿಸಿದರು.

ರೂಢಿಯಂತೆ ಇಬ್ಬರನ್ನೂ ಮೊದಲು ಬೇರೆಬೇರೆಯಾಗಿ ಕಂಡೆ. ಹೊಡೆತ, ಬೆದರಿಕೆ ಅಥವಾ ಬಲವಂತ ಇರುವ ಮನೆಯಲ್ಲಿ ಇಬ್ಬರನ್ನು ಜೊತೆಗೆ ಕೂರಿಸಿ ಮಾತನಾಡಿಸುವುದು ದುರ್ಬಲರಾದವರನ್ನು ಇನ್ನಷ್ಟು ಅಪಾಯಕ್ಕೆ ಒಡ್ಡುತ್ತದೆ. ಅಂತಹದು ಇಲ್ಲವೆಂದು ಖಚಿತವಾಗದೆ ನಾನು ಜಂಟಿ ಮಾತುಕತೆಗೆ ಕೈಹಾಕುವುದಿಲ್ಲ. ಇಲ್ಲಿ ಅದೇನೂ ಇರಲಿಲ್ಲ. ಪತ್ನಿಗೆ ನಿದ್ರೆ ಸ್ವಲ್ಪ ಕೆಟ್ಟಿತ್ತು, ಊಟ ಮತ್ತು ದಿನದ ಕೆಲಸಗಳು ಸರಿಯಾಗಿದ್ದವು. ರಾತ್ರಿ ಮನಸ್ಸು ತೀರಾ ಭಾರವಾದರೆ ಕರೆ ಮಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಬರೆದುಕೊಟ್ಟೆ.

ಪತಿ ಹೇಳಿದ್ದು ಇಷ್ಟು: “ಸೊಂಟದ ಮಟ್ಟದ ನೀರು ಮೇಡಂ, ಅಲೆಯೂ ಇರಲಿಲ್ಲ. ಅಷ್ಟಕ್ಕೆ ಮೂರು ವಾರ ಮಾತು ಬಿಡುವುದೇ?” ಪತ್ನಿಯ ಮಾತು ಇನ್ನೂ ಚಿಕ್ಕದು. “ಇವರು ಹಿಡಿದುಕೊಂಡಿದ್ದಾರೆ ಅಂತ ತಾನೇ ನಾನು ಇಳಿದದ್ದು.”

ಆ ಕರೆ ಸುಮ್ಮನೆ ಬಂದದ್ದಲ್ಲ ಎಂಬುದು ಕಾಫಿ ಸೀಮೆಯವಳಾದ ನನಗೆ ಗೊತ್ತು. ಹೂಮಳೆ ಸಮಯಕ್ಕೆ ಬಾರದಿದ್ದರೆ ರೋಬಸ್ಟಾ ಮೊಗ್ಗು ಅರಳಲು ಜೆಟ್ ನೀರೇ ಗತಿ. ಆ ಕೆಲವು ದಿನಗಳಲ್ಲಿ ನೀರು ತಪ್ಪಿದರೆ ಬರುವ ವರ್ಷದ ಫಸಲೇ ಕೈತಪ್ಪಬಹುದು. ಇದನ್ನು ನಾನು ಪತ್ನಿಯ ಮುಂದೆಯೂ ಹೇಳಿದೆ, ಆಕೆ ತಕ್ಷಣ ಒಪ್ಪಿದರು. ತೋಟದ ಮನೆಯ ಸೊಸೆಗೆ ಅದನ್ನು ವಿವರಿಸುವ ಅಗತ್ಯವೇ ಇರಲಿಲ್ಲ. ಆದರೆ ನೀರಿನ ಆಳ ಎಷ್ಟಿತ್ತೆಂದು ಪತಿ ವಾದಿಸುತ್ತಿದ್ದಷ್ಟು ಹೊತ್ತೂ ಅವರ ಮಾತು ಹೆಂಡತಿಯನ್ನು ತಲುಪುವಂತಿರಲಿಲ್ಲ. ಹೊಳೆಯ ಭಯವನ್ನು ಇಪ್ಪತ್ತೆರಡು ವರ್ಷ ಹೇಳದೆ ಇಟ್ಟುಕೊಂಡಿದ್ದ ಹೆಂಗಸು ಅದನ್ನು ಬದಿಗಿಟ್ಟು ಗಂಡನ ಕೈಯೊಂದನ್ನೇ ನಂಬಿ ಇಳಿದಿದ್ದರು. ಅವರನ್ನು ನೋಯಿಸಿದ್ದು ಆ ಕೈ ಬಿಟ್ಟದ್ದು. ಸಮುದ್ರವಲ್ಲ, ಫೋನೂ ಅಲ್ಲ.

ಮೊದಲ ಜಂಟಿ ಭೇಟಿಯಲ್ಲಿ ಒಂದು ನಿಯಮ ಹಾಕಿದೆ. ಒಬ್ಬರು ಐದು ನಿಮಿಷ ಮಾತನಾಡಬೇಕು, ಇನ್ನೊಬ್ಬರು ಉತ್ತರ ಕೊಡುವ ಮೊದಲು ತಾವು ಕೇಳಿಸಿಕೊಂಡದ್ದನ್ನು ತಮ್ಮ ಮಾತಿನಲ್ಲಿ ಹೇಳಬೇಕು, ಮಾತನಾಡಿದವರು “ಹೌದು, ಇದನ್ನೇ ಹೇಳಿದ್ದು” ಎಂದ ಮೇಲೆ ಮಾತ್ರ ಉತ್ತರ. ಪತಿಗೆ ಇದು ಮೂರು ಸಲ ಕೈಗೂಡಲಿಲ್ಲ. ಪ್ರತಿ ಸಲವೂ “ಆದರೆ ಮೋಟಾರು” ಎಂಬಲ್ಲಿಗೆ ಬಂದು ನಿಲ್ಲುತ್ತಿದ್ದರು. ನಾಲ್ಕನೆಯ ಸಲ, ಬಹಳ ಹೊತ್ತು ಸುಮ್ಮನಿದ್ದು, “ನಿನಗೆ ನೀರಿನ ಭಯ ಇದೆ ಅಂತ ನನಗೆ ಗೊತ್ತಿರಲಿಲ್ಲ. ಕೈ ಬಿಡಬಾರದಿತ್ತು” ಎಂದರು. ಪತ್ನಿ ತಲೆಯಾಡಿಸಿದರು. ಆ ಮಾತಿನ ಹಿಂದೆ ಮೋಟಾರಿನ ಕಥೆಯನ್ನು ಸೇರಿಸದಂತೆ ಪತಿಯನ್ನು ನಾನು ಕಣ್ಣಿನಲ್ಲೇ ತಡೆದೆ. ಕ್ಷಮೆಯ ಜೊತೆಗೆ ಕಾರಣವನ್ನು ಕಟ್ಟಿಕೊಟ್ಟರೆ ಕೇಳುವವರಿಗೆ ಕಾರಣ ಮಾತ್ರ ಉಳಿಯುತ್ತದೆ.

ಅದೇ ಭೇಟಿಯಲ್ಲಿ ನಾನು ನಿರೀಕ್ಷಿಸದ ಇನ್ನೊಂದು ಸಂಗತಿ ಹೊರಬಂತು. ಶ್ರೀಲಂಕಾವನ್ನೇ ಏಕೆ ಆರಿಸಿದಿರಿ ಎಂದು ಕೇಳಿದ್ದಕ್ಕೆ ಪತಿಯ ಮುಖ ಅರಳಿತು. ಚಹಾಕ್ಕೆ ಹೆಸರಾಗುವ ಮೊದಲು ಅದು ಕಾಫಿಯ ನಾಡಾಗಿತ್ತು, 1869ರಲ್ಲಿ ಎಲೆತುಕ್ಕು ರೋಗ ಕಾಣಿಸಿಕೊಂಡ ಮೇಲೆ ಕೆಲವೇ ದಶಕಗಳಲ್ಲಿ ಕಾಫಿ ತೋಟಗಳು ಅಳಿದು ಚಹಾ ಬಂತು, ಆ ತುಕ್ಕಿನೊಡನೆಯೇ ನಮ್ಮ ಬಾಳೆಹೊನ್ನೂರಿನಲ್ಲಿ 1925ರಲ್ಲಿ ಆರಂಭವಾದ ಸಂಶೋಧನಾ ಕೇಂದ್ರ ಇಂದಿಗೂ ಸೆಣಸುತ್ತಿದೆ ಎಂದು ಕಾಲು ಗಂಟೆ ಹೇಳಿದರು. ಪತ್ನಿ ಬೆರಗಿನಿಂದ ಕೇಳುತ್ತಿದ್ದರು. ಕೊನೆಗೆ, “ಇದನ್ನೆಲ್ಲ ಅಲ್ಲಿ ನನಗೆ ಯಾಕೆ ಹೇಳಲಿಲ್ಲ ನೀವು?” ಎಂದು ಕೇಳಿದರು. ಅವರ ಬಳಿ ಉತ್ತರವಿರಲಿಲ್ಲ. ಇಷ್ಟು ವರ್ಷ ಆ ಮನೆಯ ಮಾತೆಲ್ಲ ಮಗನ ಓದು, ಆಳುಗಳ ಹಾಜರಿ, ಅತ್ತೆಯ ಔಷಧಿ ಇವುಗಳ ಸುತ್ತಲೇ ಸಾಗಿತ್ತು; ಕಡಲ ದಂಡೆಯ ನಾಲ್ಕು ದಿನಗಳಲ್ಲಿ ಅವು ಯಾವುವೂ ಇಲ್ಲದಿದ್ದಾಗ ಏನು ಮಾತನಾಡುವುದೆಂದು ಇಬ್ಬರಿಗೂ ತಿಳಿಯಲಿಲ್ಲ.

ಹಾಗಾಗಿ, ತಪ್ಪನ್ನು ತುಂಬಿಕೊಡಲು ಕೂಡಲೇ ಇನ್ನೊಂದು ಪ್ರವಾಸಕ್ಕೆ ಹೊರಡುವ ಪತಿಯ ಆಲೋಚನೆಯನ್ನು ನಾನು ಬೇಡವೆಂದೆ. ಮೊದಲು ಮನೆಯ ಜಗುಲಿಯಲ್ಲಿ ಸಂಜೆ ಅರ್ಧ ಗಂಟೆ ಇಬ್ಬರೇ ಕೂರಬೇಕು, ಫೋನು ಒಳಗಿರಬೇಕು, ಮಗ ಮತ್ತು ತೋಟದ ಸುದ್ದಿ ಬಾರದಂತೆ ಮಾತನಾಡಬೇಕು ಎಂದು ತಿಳಿಸಿದೆ. ಪತ್ನಿಗೂ ಒಂದು ಮಾತು ಹೇಳಲೇಬೇಕಿತ್ತು. ನೋವಾದದ್ದನ್ನು ಅದೇ ದಿನ, ಒಂದೇ ವಾಕ್ಯದಲ್ಲಾದರೂ ಸರಿ, ಬಾಯಿಬಿಟ್ಟು ಹೇಳಿ. ಮೂರು ವಾರದ ಮೌನದಲ್ಲಿ ಗಂಡ ಕಾರಣವನ್ನು ತಾನಾಗಿ ಊಹಿಸಲಿ ಎಂದು ಕಾಯುವುದು ನಿಮಗೂ ಶಿಕ್ಷೆ, ಅವರಿಗೂ ಶಿಕ್ಷೆ ಎಂದೆ. ಆಕೆ ಇದನ್ನು ಸುಲಭವಾಗಿ ಒಪ್ಪಲಿಲ್ಲ.

ಮುಂದೆ ಎಂದಾದರೂ ಹೋಗುವುದಾದರೆ ಎಂದು ಕಾಲದ ಲೆಕ್ಕವನ್ನೂ ಕೂತು ಹಾಕಿದೆವು. ದಕ್ಷಿಣದ ಆ ಕಡಲು ಶಾಂತವಾಗಿರುವುದು ಡಿಸೆಂಬರ್‌ನಿಂದ ಮಾರ್ಚ್‌ವರೆಗೆ, ಅಂದರೆ ನಮ್ಮಲ್ಲಿ ಕೊಯ್ಲು ಮತ್ತು ಹೂವಿನ ಕಾಲ. ತೋಟಕ್ಕೆ ಬಿಡುವು ಸಿಗುವ ಮುಂಗಾರಿನಲ್ಲಿ ಅಲ್ಲಿ ಸಮುದ್ರ ಕೆರಳಿರುತ್ತದೆ. ಆದರೆ ಅದೇ ದ್ವೀಪದ ಪೂರ್ವ ಕರಾವಳಿ, ಕೋಣೇಶ್ವರ ದೇವಾಲಯವಿರುವ ಟ್ರಿಂಕೋಮಲಿಯ ಕಡೆ, ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಶಾಂತವಾಗಿರುತ್ತದೆ. ಅಲ್ಲಿನ ಗಡಿಯಾರವೂ ನಮ್ಮದೂ ಒಂದೇ ಆದ್ದರಿಂದ ರೈಟರು ಬೆಳಿಗ್ಗೆ ಹಾಜರಿ ಹಾಕುವ ಹೊತ್ತಿಗೆ ಒಂದು ಕರೆ ಸಾಕು. ಉಳಿದ ಹೊತ್ತಿಗೆ ಇಂತಿಷ್ಟು ಹಣದವರೆಗಿನ ರಿಪೇರಿಯನ್ನು ಕೇಳದೆ ಮಾಡಿಸುವ ಅಧಿಕಾರವನ್ನು ರೈಟರಿಗೆ ಕೊಡಿ, ಅದಕ್ಕೂ ಮೀರಿದರೆ ಪಕ್ಕದ ತೋಟದವರು ನಿರ್ಧರಿಸಲಿ ಎಂದು ಹೇಳಿದೆ.

ಮೇ ತಿಂಗಳಲ್ಲಿ ನಾಲ್ಕನೆಯ ಭೇಟಿಗೆ ಬಂದಾಗ ಪತ್ನಿ ಮಗನ ಕೋಣೆಯಿಂದ ಮರಳಿದ್ದರು. ಜಗುಲಿಯ ಅರ್ಧ ಗಂಟೆ ವಾರದಲ್ಲಿ ನಾಲ್ಕು ದಿನವಾದರೂ ನಡೆಯುತ್ತಿದೆ ಎಂದು ಇಬ್ಬರೂ ಹೇಳಿದರು. ಆಗಸ್ಟ್‌ನಲ್ಲಿ ಟ್ರಿಂಕೋಮಲಿಗೆ ಹೋಗುವ ಮಾತಿದೆ, ಟಿಕೆಟ್ ಇನ್ನೂ ಮಾಡಿಸಿಲ್ಲ. ನೀರಿಗೆ ಇಳಿಯುವುದೋ ಬೇಡವೋ ಎಂಬುದನ್ನು ಪತ್ನಿ ತೀರ್ಮಾನಿಸಿಲ್ಲ; ಅವರು ತಾವಾಗಿ ಹೇಳುವವರೆಗೆ ಆ ಪ್ರಶ್ನೆಯನ್ನು ಕೇಳಬಾರದೆಂದು ಪತಿಗೆ ತಿಳಿಸಿದ್ದೇನೆ.